ಬಲಗಡೆಯ ಎಸಳು

೧೨ ನವೆಂಬರ್ ೨೦೦೮, ಬುಧವಾರ. ಹಳಿಯಾಳ.

ಕರೆಂಟು ಹನ್ನೊಂದಕ್ಕೆ ಬಂತು. ಇಂಟರ್ನೆಟ್ಟು ಊಟದ ಹೊತ್ತಿಗೆ. ಜೋಯಿಡಾದ ಕಲ್ಲುಗಳನ್ನು ಇವತ್ತಾದರೂ ಏರಿಸಿಬಿಡೋಣ ಅಂತ ಹಟ ಹಿಡಿದು ಕುಳಿತರೆ, ಸೇವ್ ಹೊಡೆಯುವಷ್ಟರಲ್ಲಿ ಪರದೆ ಬೆಳ್ಳಗಾಯಿತು. ಲೀನಾ ಎರಡೂ ಕೈ ಮೇಲೆತ್ತಿದಳು. ಮತ್ತೆ ಲಾಗಿನ್. ಮತ್ತೆ ತಾಲೂಕು, ಮತ್ತೆ ಊರು, ಮತ್ತೆ ಅಕ್ಷಾಂಶ ರೇಖಾಂಶ. ನಾಟಕದಲ್ಲಿ ಒನ್ಸ್ ಮೋರ್ ಅಂದರೆ ಮರ್ಯಾದೆ. ಇಲ್ಲಿ ಶಿಕ್ಷೆ.

ನನ್ನ ಕೆಲಸ ತಿರುಗುವುದು. ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ — ನಾಲ್ಕೂ ಕಡೆಯ ಹಳೆಯ ಕಲ್ಲು, ಕೋಟೆ, ಬಾವಿ ಹುಡುಕಿ, ಫೋಟೋ ಹೊಡೆದು, ಜಿಪಿಎಸ್ ಡಬ್ಬಿ ನೋಡಿ ಜಾಗದ ಅಂಕಿ ಬರೆದುಕೊಂಡು ಬರುವುದು. ಅದನ್ನು ಕಂಪ್ಯೂಟರಿಗೆ ತುಂಬುವುದು ಲೀನಾಳ ಕೆಲಸ. ಎಲ್ಲೋ ಕುಳಿತ ಇಲಾಖೆಯ ಸಾಹೇಬರು ಅದನ್ನು ಅಲ್ಲಿಂದಲೇ ನೋಡುತ್ತಾರೆ. ಹಿಂದೆ ಕಂಪನಿ ನಾಟಕದ ಜೊತೆ ಈ ಊರುಗಳಲ್ಲೆಲ್ಲ ಕ್ಯಾಂಪು ಮಾಡಿದವ, ಒಂದೊಂದು ಊರಿನ ಕಟ್ಟೆಯೂ ಗೊತ್ತು ಅಂತ ತುಳಜಪ್ಪ ಮಾಸ್ತರನಾದ ನನಗೆ ಈ ಹೊಸ ವೇಷ ಸಿಕ್ಕಿತು.

ಇವತ್ತಿನ ಕಲ್ಲಿನ ವಿವರ ಎದ್ದು ನಿಂತೇ ಬರೆಸಿದೆ. ‘ಕಾಳಿಯ ಮಡಿಲಲ್ಲಿ, ಕಾಡಿನ ಗರ್ಭದಲ್ಲಿ, ಕಾಲನ ಕಣ್ಣು ತಪ್ಪಿಸಿ ಮಲಗಿದ ಕಲಿಯೇ...’

ಟೇಬಲ್ಲಿನ ಮೇಲಿನ ಹಾಳೆಗಳು ಹಾರಿ ನೆಲಕ್ಕೆ ಬಿದ್ದವು. ಲೀನಾ ಆಯ್ದುಕೊಂಡು ಮೊಬೈಲು ಹೇರಿಟ್ಟಳು. ‘ನಿಮ್ಮ ಒಂದ ಡೈಲಾಗಿಗೆ ಒಂದ ಪೇಪರ್‌ವೇಟ್ ಬೇಕ್ರಿ ಮಾಸ್ತರ.’

ಆಚೆಯಿಂದ ಗೋಡೆ ಬಡಿದ ಸದ್ದು. ಟೇಲರ್ ಫಯಾಜ. ‘ಮಾಸ್ತರ, ಸೂಜಿ ಜಾರಾಕತ್ತೈತಿ.’

ಇಷ್ಟೆಲ್ಲ ಆಗಿ ಪರದೆಯ ಮೇಲೆ ನೋಡಿದರೆ ‘ಹೀರೋ ಸ್ಟೋನ್. ಬ್ರೋಕನ್.’

‘ನನ್ನ ವೀರಗಲ್ಲು ಇಷ್ಟ ಏನು?’

‘ಕನ್ನಡ ಹಾಕಿದ್ರ ಡಬ್ಬಿ ಡಬ್ಬಿ ಕಾಣ್ತದ. ಇಂಗ್ಲೀಷಿನ್ಯಾಗ ಇಷ್ಟ ಹಿಡಸ್ತದ್ರಿ.’


೧೮ ನವೆಂಬರ್, ಮಂಗಳವಾರ. ಮುಂಡಗೋಡ ಬಸ್ ಸ್ಟ್ಯಾಂಡು, ಸಂಜೆ.

ಇವತ್ತಿನದು ನಾಟಕವೇ. ಬಸ್ಸು ಬರುವುದರೊಳಗೆ ಬರೆದಿಡಬೇಕು.

ಸನವಳ್ಳಿ ಕಡೆಯ ಕಾಶೆವ್ವನ ಹೊಲ. ಬದುವಿನ ಮೇಲೆ, ಹುಣಸೆ ಮರದ ಬುಡಕ್ಕೆ, ಎದೆಮಟ್ಟದ ಕಲ್ಲು. ಕರೆವ್ವ ಅಂತ ಹೆಸರು. ತಲೆಮಾರುಗಳಿಂದ ಹರಳೆಣ್ಣೆ ಹಚ್ಚಿ ಹಚ್ಚಿ, ಕಲ್ಲೋ ಕಬ್ಬಿಣವೋ ತಿಳಿಯದಷ್ಟು ಕಪ್ಪು. ಒಳಗೆ ಏನು ಕೆತ್ತಿದ್ದಾರೋ ಕಾಣದು. ಕಾಣದ ಫೋಟೋ ಹಾಕಿದರೆ ಸಾಹೇಬರು ವಾಪಸು ಕಳಿಸುತ್ತಾರೆ. ತೊಳೆಯಬೇಕು ಅಂದೆ.

ಕಾಶೆವ್ವ ಹಳೆಯ ಗುರುತು. ಕಂಪನಿಯ ಕ್ಯಾಂಪು ಪಾಳಾ ಊರಿನಲ್ಲಿದ್ದಾಗ ನಮಗೆ ರೊಟ್ಟಿ ತಂದು ಕೊಡುತ್ತಿದ್ದವಳು. ಆಗ ನನಗೆ ಸ್ತ್ರೀಪಾತ್ರ. ನಾನು ಸೀರೆ ಉಟ್ಟು ಅಳುವ ಸೀನಿಗೆ ಮುಂದೆ ಕುಳಿತು ಅವಳೂ ಅಳುತ್ತಿದ್ದಳಂತೆ. ಈಗ ಮೈದುನ ಗೂಳಪ್ಪನ ಮನೆಯವರ ಕೂಡ ಹೊಲ ಮಾಡಿಕೊಂಡಿದ್ದಾಳೆ. ಬೆನ್ನು ಬಾಗಿದೆ. ಬಾಯಿ ಹಾಗೇ ಇದೆ.

‘ತೊಳೀರಿ ಅನ್ನಾಕ ನಾ ಯಾರು? ಆಕಿನ್ನ ಕೇಳಬೇಕು,’ ಅಂದಳು.

ಕೇಳುವುದೆಂದರೆ ಹೂ ಕೇಳುವುದು. ದಾಸವಾಳದ ಎರಡು ಎಸಳು ನೀರಲ್ಲಿ ಅದ್ದಿ ಕಲ್ಲಿನ ಎರಡೂ ಭುಜಕ್ಕೆ ಒಂದೊಂದು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಬೇಡ. ಎರಡರಲ್ಲಿ ಒಂದು ಬೀಳುವತನಕ ಯಾರೂ ಯಾವ ಕೆಲಸಕ್ಕೂ ಕೈ ಹಾಕುವಂತಿಲ್ಲ.

ಕುಳಿತೆವು. ಗೂಳಪ್ಪ ಎಲೆ ಅಡಿಕೆ ಹಾಕಿದ, ಉಗುಳಿದ, ಮತ್ತೆ ಹಾಕಿದ. ಬಿಸಿಲು ಏರಿತು. ಎಸಳು ಬೀಳಲಿಲ್ಲ. ನಾನು ಎದ್ದೆ. ಅವ್ವನ ಮುಂದೆ ನಿಂತು ಕಂಪನಿ ಕಾಲದ ಒಂದು ಪದ ತೆಗೆದೆ, ಏರು ಸ್ವರದ್ದು. ಬಲಗಡೆಯ ಎಸಳು ಬಿತ್ತು.

‘ಹಾಡಿಗೆ ಒಲದ್ಲು ನೋಡ್ರಿ,’ ಅಂದ ಗೂಳಪ್ಪ.

ಅಂಟವಾಳದ ನೊರೆ, ಬಿಸಿನೀರು, ತೆಂಗಿನ ನಾರು. ಹಂಚಿನಿಂದ ರೊಟ್ಟಿ ಏಳುವ ಹಾಗೆ ಎಣ್ಣೆಯ ಪದರ ಎದ್ದು ಬಂತು. ಪರದೆ ಸರಿದರೆ ಒಳಗೆ ಯಾರು — ಕೈಯಲ್ಲಿ ಕತ್ತಿ, ನಡುವಿಗೆ ಪಟ್ಟಿ, ಹುರಿ ಮಾಡಿದ ಮೀಸೆ. ಕಾಲ ಕೆಳಗೆ ನಾಲ್ಕು ಸಾಲು ಹಳೆಯ ಅಕ್ಷರ.

‘ವೈನಿ,’ ಅಂದ ಗೂಳಪ್ಪ, ‘ಕರೆವ್ವಗ ಮೀಸಿ ಅದಾವು.’

‘ಇರವಲ್ವ್ಯಾಕ. ನಮ್ಮತ್ತಿಗೂ ಇದ್ವು.’

‘ಇಂವ ಗಂಡಸು, ವೈನಿ.’

‘ಈ ಮಾಸ್ತರನೂ ಗಂಡಸ ಇದ್ದ. ಸೀರಿ ಉಟ್ಟು ಸ್ಟೇಜಿಗೆ ಬಂದ್ರ ನೀನ ಯವ್ವಾ ತಾಯಿ ಅಂತ ಉಡಿ ತುಂಬಾಕ ಓಡಿದ್ದಿ. ಇವಗ ನಾವು ಸೀರಿ ಉಡಿಸೇವಿ. ಅಷ್ಟ ಅದು.’

ಸುಲಿದ ಕಪ್ಪು ಚೂರುಗಳನ್ನೆಲ್ಲ ಆಯ್ದು ಸೆರಗಿಗೆ ಕಟ್ಟಿಕೊಂಡಳು. ಅದೇನು ಮಾಡುತ್ತೀರಿ ಅಂದೆ.

‘ನಮ್ಮತ್ತಿ ಹಚ್ಚಿದ್ದು ಐತಿ ಇದರಾಗ. ಆಕಿ ಅತ್ತಿ ಹಚ್ಚಿದ್ದೂ ಐತಿ. ಬದುವಿಗೆ ಚೆಲ್ಲಲೇನು?’

ಫೋಟೋ ಬಹಳ ಚಂದ ಬಂದಿವೆ. ಬಸ್ಸು ಬಂತು.


೨೧ ನವೆಂಬರ್, ಶುಕ್ರವಾರ. ಹಳಿಯಾಳ.

ಕರೆವ್ವನನ್ನು ಏರಿಸಿದೆವು. ಈ ಕಲ್ಲಿಗೆ ಕರುಣರಸ ಅಂತ ಬರುವ ದಾರಿಯಲ್ಲೇ ನಿಶ್ಚಯಿಸಿಕೊಂಡಿದ್ದೆ. ಕರುಣರಸಕ್ಕೆ ಅನಾಥ ಬೇಕು. ಪಕ್ಕದಲ್ಲಿ ಎಣ್ಣೆ ಬಟ್ಟಲು ಹಿಡಿದ ಮುದುಕಿ ನಿಂತಿದ್ದರೆ ಸೀನು ಏಳುವುದಿಲ್ಲ. ಮುದುಕಿಯನ್ನು ಸೈಡ್ ವಿಂಗಿನ ಒಳಕ್ಕೆ ಕಳಿಸಿದೆ.

‘ದೀಪವಿಲ್ಲ, ಧೂಪವಿಲ್ಲ, ಯಾರಪ್ಪಾ ನೀನು ಎಂದು ಕೇಳುವವರಿಲ್ಲ... ಬದುವಿನ ಮೇಲೆ ಬಿಸಿಲು ಕುಡಿದು, ಮಳೆ ಉಂಡು...’

ಲೀನಾ ಕೀಬೋರ್ಡ್ ಬಿಟ್ಟು ಗಲ್ಲಕ್ಕೆ ಕೈ ಕೊಟ್ಟು ಕೇಳಿದಳು. ಅವಳ ಕಣ್ಣು ಒದ್ದೆಯಾದವು ಅಂತ ನನಗೆ ಅನಿಸಿತು. ಆಕಳಿಕೆಯೂ ಇರಬಹುದು.

‘ಇಲ್ಲೆ ಪೂಜಿ ಐತಿಲ್ಲೊ ಅಂತ ಕೇಳ್ತದ್ರಿ. ಕೆಂಪು ಚುಕ್ಕಿ ಐತಿ, ಖಾಲಿ ಬಿಡಾಕ ಬರೂದಿಲ್ಲ. ಹೌದು ಅಂತ ಹಾಕ್ಲೋ, ಇಲ್ಲ ಅಂತ ಹಾಕ್ಲೋ?’

ನಾನು ಇನ್ನೂ ಬದುವಿನ ಮೇಲೆ ಬಿಸಿಲು ಕುಡಿಯುತ್ತಿದ್ದೆ.

‘ದೀಪ ಇಲ್ಲ ಧೂಪ ಇಲ್ಲ ಅಂದ್ರಲ್ಲ. ಇಲ್ಲ ಅಂತ ಹಾಕ್ತೇನಿ.’

‘ಹಾಕು.’

‘ನೆಗ್ಲೆಕ್ಟೆಡ್. ನೋ ವರ್ಶಿಪ್.’ ಒಂದೇ ಸಲಕ್ಕೆ ಸೇವ್ ಆಯಿತು.


೯ ಡಿಸೆಂಬರ್, ಮಂಗಳವಾರ. ದಾಂಡೇಲಿ.

ಮೌಳಂಗಿ. ಕೆಲಸ ಮುಗಿದು ಹೊಳೆಯ ದಂಡೆಯಲ್ಲಿ ಕುಳಿತಿದ್ದೇನೆ. ಹತ್ತಿರ ಯಾರೂ ಇಲ್ಲ. ಗಂಟಲು ಬಿಚ್ಚೋಣ ಅಂತ ಬಗ್ಗಿ ನೀರಿನ ಮೇಲೇ ಒಂದು ಸ್ವರ ಬಿಟ್ಟೆ. ಮುಂದೆ ತೇಲುತ್ತಿದ್ದ ಒಣ ಎಲೆ ನನ್ನಿಂದ ದೂರ ಸರಿಯಿತು.

ನಿಲ್ಲಿಸಿದೆ.

ಈ ಪುಸ್ತಕ ಓದುವವರು ಯಾರೂ ಇಲ್ಲ. ಆದರೂ ಅವತ್ತು ಮುಂಡಗೋಡ ಬಸ್ ಸ್ಟ್ಯಾಂಡಿನಲ್ಲಿ ಕುಳಿತು ಇದರ ಮುಂದೂ ಬಣ್ಣ ಹಚ್ಚಿಕೊಂಡೇ ಬರೆದೆ. ಈಗ ಬಣ್ಣ ಅಳಿಸಿ ಬರೆಯುತ್ತೇನೆ.

ಎಡಗಡೆಯ ಎಸಳು ಜಾರುತ್ತಿತ್ತು. ಅದರ ತುದಿ ಎದ್ದಿದ್ದನ್ನು ನಾನು ನೋಡಿದೆ. ಕಾಶೆವ್ವ ಕಣ್ಣು ಮುಚ್ಚಿದ್ದಳು. ಗೂಳಪ್ಪ ಉಗುಳಲು ಆಚೆ ತಿರುಗಿದ್ದ. ಕ್ಯಾಮೆರಾದ ಬ್ಯಾಟರಿ ಮುಗಿಯುತ್ತ ಬಂದಿತ್ತು. ಇನ್ನೊಂದು ಗಳಿಗೆ ಬಿಟ್ಟಿದ್ದರೆ ಕರೆವ್ವ ಬೇಡ ಅನ್ನುತ್ತಿದ್ದಳು, ನಾನು ಬರಿಗೈಲಿ ಬರಬೇಕಿತ್ತು. ಎದ್ದೆ. ಅವ್ವನ ಮುಂದೆ ನಿಂತೆ ಅಂತ ಬರೆದಿದ್ದೇನೆ. ಮುಂದೆ ಅಲ್ಲ. ಬಲಕ್ಕೆ ಸರಿದು, ಮುಖ ಹತ್ತಿರ ತಂದು ನಿಂತೆ. ಪದದಲ್ಲಿ ಒಂದು ‘ಹಾ’ ಬರುತ್ತದೆ. ಅದನ್ನು ಹೊಟ್ಟೆಯಿಂದ ಎಳೆದು ಎಸಳಿನ ಮೇಲೆ ಬಿಟ್ಟೆ.

ಹಾಡಿದ್ದಲ್ಲ. ಊದಿದ್ದು.


೮ ಜನವರಿ ೨೦೦೯, ಗುರುವಾರ. ಹಳಿಯಾಳ.

ಜೋಯಿಡಾದ ಒಳಗೆ ಬಹಳ ದಿನ ಇದ್ದೆ. ಫೋನು ಹತ್ತುತ್ತಿರಲಿಲ್ಲ. ಹತ್ತದಿದ್ದುದೇ ಸುಖವಾಗಿತ್ತು.

ಇವತ್ತು ಒಳಗೆ ಕಾಲಿಡುತ್ತಲೇ ಲೀನಾ ಅಂದಳು — ‘ಮಾಸ್ತರ, ನಿಮ್ಮ ಮೀಸಿ ಕರೆವ್ವ ಅಪ್ರೂವ್ಡ್ ಆಗ್ಯಾಳ.’

ಅದರ ಕೆಳಗೆ ಷರಾ. ಅಕ್ಷರವಿರುವ ಕಲ್ಲು, ಕೇಳುವವರಿಲ್ಲದೆ ಹಾಳಾಗುತ್ತಿದೆ, ಪೂಜೆಯಿಲ್ಲ, ಆದ್ದರಿಂದ ಮ್ಯೂಸಿಯಮ್ಮಿಗೆ ಸಾಗಿಸತಕ್ಕದ್ದು. ಫೆಬ್ರವರಿ ಮೊದಲ ವಾರ ಟೆಂಪೋ ಹೋಗುತ್ತದೆ.

ನಾನು ಬರೆಸಿದ ಸೀನು. ಮುದುಕಿಯನ್ನು ನಾನೇ ಒಳಕ್ಕೆ ಕಳಿಸಿದ್ದೆ.

ಸಾಹೇಬರಿಗೆ ಫೋನು ಮಾಡಿದೆ. ಒಳ್ಳೆಯ ಮನುಷ್ಯ. ‘ಮಾಸ್ತರ, ಪುಣ್ಯದ ಕೆಲಸ ಮಾಡೀರಿ. ಇನ್ನೊಂದಿಷ್ಟು ಮಳಿಗೆ ಆ ಅಕ್ಷರ ಅಳಿಸಿ ಹೋಗ್ತಿದ್ವು.’ ಊರವರಿಗೆ ಬೇಡವಾದರೆ ಅಂತ ಕೇಳಿದೆ. ‘ಬ್ಯಾಡ ಅಂತ ಊರವರು ಬರದು ಕೊಟ್ರ ನಿಲ್ಲಸ್ತೇವಿ. ಆದ್ರ ಪೂಜಿನ ಇಲ್ಲ ಅಂತ ನೀವ ಹಾಕೀರಲ್ಲ, ಯಾರು ಬ್ಯಾಡ ಅಂತಾರ?’

ಲೀನಾಗೆ ‘ಇಲ್ಲ’ ಇದ್ದದ್ದನ್ನು ‘ಹೌದು’ ಮಾಡು ಅಂದೆ.

‘ಬರೂದಿಲ್ರಿ. ಅಪ್ರೂವ್ ಆದ ಮ್ಯಾಲ ಬೂದಿ ಬಣ್ಣ ಆಗಿಬಿಡ್ತಾವ. ಒತ್ತಿದ್ರ ಏನೂ ಆಗೂದಿಲ್ಲ.’

ಮೌಸ್ ಇಸಿದುಕೊಂಡು ನಾನೇ ಒತ್ತಿದೆ. ಒತ್ತಿದೆ. ಬೂದಿ ಬೂದಿಯಾಗಿಯೇ ಇತ್ತು.

‘ಪೂಜಿ ಇತ್ತೇನ್ರಿ?’ ಅಂತ ಕೇಳಿದಳು.

ಹೂಂ ಅಂದೆ.

ನನ್ನ ಕೈಯಿಂದ ಮೌಸ್ ವಾಪಸು ಇಸಿದುಕೊಂಡಳು. ಸಿದ್ದಿಯರ ಮನೆಯ ಹುಡುಗಿ, ಚರ್ಚಿಗೆ ಹೋಗುವವರು. ‘ನಮ್ಮನಿ ಮೂಲ್ಯಾಗ ಹಿರಿಯರದ್ದು ಅಂತ ಒಂದ ತೆಂಗಿನಕಾಯಿ ಐತ್ರಿ. ಮ್ಯಾಲ ಯೇಸುವಿನ ಫೋಟೋ, ಕೆಳಗ ಕಾಯಿ. ಯಾವನರ ಬಂದು ಅದನ್ನ ಬರಕೊಂಡು ಹೋಗಿ ಹಿಂಗ ಮಾಡಿದ್ರ ನಮ್ಮ ಮಾರ್ಗರೀಟಾ ಅಜ್ಜಿ ಅವನ್ನ ಕಡೀತಾಳ.’ ಅಂದು, ಜೋಯಿಡಾದ ಹಾಳೆ ತೆಗೆದುಕೊಂಡು ಟೈಪ್ ಮಾಡತೊಡಗಿದಳು. ಆಮೇಲೆ ನನ್ನ ಕಡೆ ನೋಡಲಿಲ್ಲ.


೧೧ ಜನವರಿ, ಭಾನುವಾರ. ಸನವಳ್ಳಿಯಿಂದ ಬರುವಾಗ, ಬಸ್ಸಿನಲ್ಲಿ.

ಹೇಳಲು ಹೋದೆ. ಹೇಳಲಿಲ್ಲ.

ಟೆಂಪೋ ವಿಷಯ ಊರಿಗೆ ನನಗಿಂತ ಮೊದಲೇ ಮುಟ್ಟಿದೆ. ಕಾಶೆವ್ವ ಕಟ್ಟೆಯ ಮೇಲೆ ಕುಳಿತು ಹೊಸ ಸೀರೆಯ ಮಡಿಕೆ ಬಿಚ್ಚಿ ನೋಡುತ್ತಿದ್ದಳು. ಪಕ್ಕದಲ್ಲಿ ಹಸಿರು ಬಳೆ. ಕರೆವ್ವಗಂತೆ. ಕಳಿಸಿಕೊಡುವ ತಯಾರಿ.

‘ಯವ್ವಾ, ಒಯ್ಯಬ್ಯಾಡ್ರಿ ಅಂತ ಒಂದ ಬರದು ಕೊಡ್ರಿ. ನಿಲ್ಲಸ್ತಾರ,’ ಅಂದೆ.

‘ಆಕಿನ ಹೂ ಕೊಟ್ಟಾಳ. ನಾ ಹೆಂಗ ಅಡ್ಡ ಬರ್ಲಿ?’

‘ತೊಳ್ಯಾಕ ಕೊಟ್ಟಿದ್ಲು. ಹೋಗಾಕಲ್ಲ.’

‘ಹೊಂಟು ನಿಂತ ಹೆಣ್ಣಮಗಳು ಮೊದಲ ನೀರ ಎರಕೋತಾಳೋ ಇಲ್ಲೋ? ಆಕಿ ಮನಸಿನ್ಯಾಗ ಇದ್ದಿದ್ದು ನನಗ ತಿಳೀಲಿಲ್ಲ. ಈಗ ತಿಳೀತು.’ ಬಳೆಗಳನ್ನು ಒಂದರೊಳಗೊಂದು ಜೋಡಿಸಿದಳು. ‘ಚಾ ಕುಡೀತೀ?’

ಕುಡಿದೆ. ನಾಲಿಗೆಯ ತುದಿಗೆ ಬಂದ ಮಾತು ಚಹಾದ ಜೊತೆ ಒಳಗೆ ಹೋಯಿತು. ಸಾವಿರ ಜನರ ಮುಂದೆ ಪ್ರಾಂಪ್ಟರ್ ಇಲ್ಲದೆ ಮಾತಾಡಿದ ಬಾಯಿ.

ಬರುವಾಗ ಹೊಲದ ಕಡೆ ಹೋದೆ. ಕಲ್ಲು ಬೆಳ್ಳಗೆ, ಧೂಳು ಹಿಡಿದು ನಿಂತಿತ್ತು. ಮೀಸೆಯ ಮೇಲೆ ಜೇಡ ಬಲೆ ಕಟ್ಟಿತ್ತು. ತೊಳೆದ ದಿನದಿಂದ ಯಾರೂ ಒಂದು ಹನಿ ಎಣ್ಣೆ ಹಚ್ಚಿಲ್ಲ.

ನಾನು ಕಂಪ್ಯೂಟರಿನಲ್ಲಿ ಹಾಕಿಸಿದ್ದು ಈಗ ನಿಜವಾಗಿದೆ.


೧೩ ಜನವರಿ, ಮಂಗಳವಾರ.

ಹೋಗಲಿಲ್ಲ. ಸಂಕ್ರಾಂತಿಯ ರಶ್ಶು, ಬಸ್ಸು ತುಂಬಿದ್ದವು.


೨೦ ಜನವರಿ, ಮಂಗಳವಾರ.

ಕಲಘಟಗಿತನಕ ಹೋದೆ. ಮುಂಡಗೋಡದ ಬಸ್ಸು ಖಾಲಿ ನಿಂತಿತ್ತು. ಕಂಡಕ್ಟರ್ ‘ಹತ್ರಿ ಮಾಸ್ತರ, ನಿಮಗಾಗೇ ಬಿಟ್ಟಾರ’ ಅಂದ. ಅವನಿಗೆ ನನ್ನ ಹಳೆಯ ಪಾರ್ಟು ನೆನಪಿದೆ. ಒಂದು ಡೈಲಾಗ್ ಹೊಡೆಯಿರಿ ಅಂದ. ಹೊಟ್ಟೆನೋವು ಅಂತ ಹೇಳಿ ಹಿಂದಕ್ಕೆ ಬಂದೆ.


೨೭ ಜನವರಿ, ಮಂಗಳವಾರ. ಮುಂಡಗೋಡ, ಲಾಡ್ಜಿನ ಕೋಣೆ.

ಹೇಳಿದೆ.

ಅಂಗಳದಲ್ಲಿ ಗೋವಿನಜೋಳದ ತೆನೆ ಉದುರಿಸುತ್ತಿದ್ದಳು. ಎದುರಿಗೆ ಕುಳಿತು ನಾನೂ ಒಂದು ತೆನೆ ಕೈಗೆ ತೆಗೆದುಕೊಂಡೆ. ಬರುವ ದಾರಿಯುದ್ದಕ್ಕೂ ಒಂದು ಭಾಷಣ ಕಟ್ಟಿದ್ದೆ. ಅಪರಾಧಿ ನಾನು ಅಂತ ಶುರು. ತೆನೆ ಹಿಡಿದ ಮೇಲೆ ಭಾಷಣ ಮರೆಯಿತು.

‘ಯವ್ವಾ, ಅವತ್ತ ಹೂ ಅವ್ವ ಕೊಟ್ಟಿದ್ದಲ್ಲ. ನಾ ಊದಿದೆ.’

ಕೈ ನಿಂತಿತು.

‘ಊದಿದಿ?’

‘ಊದಿದೆ.’

‘ಬಾಯಿಲೆ?’

‘ಬಾಯಿಲೆ. ಹಾಡೂ ನೆಪದಾಗ.’

‘ಎಡಗಡೀದು?’

‘ಅದು ಜಾರತಿತ್ತು. ಬೀಳೂದರಾಗಿತ್ತು.’

ಬೈಯುತ್ತಾಳೆ ಅಂದುಕೊಂಡೆ. ತೆನೆ ಎತ್ತಿ ಹೊಡೆದಿದ್ದರೂ ಆಗುತ್ತಿತ್ತು. ಅವಳು ಅಂಗಳದ ನೆಲವನ್ನೇ ನೋಡುತ್ತ ಕುಳಿತಳು. ಕಾಳು ಹೆಕ್ಕಲು ಬಂದ ಕೋಳಿಯನ್ನೂ ಓಡಿಸಲಿಲ್ಲ.

‘ಎರಡ ತಿಂಗಳ ಆತು,’ ಅಂದಳು. ‘ಆಕಿ ಕೂಡ ಮಾತ ಬಿಟ್ಟೇನಿ. ನಾ ಏನ ಕಡಿಮಿ ಮಾಡಿದ್ನೆ ನಿನಗ, ಕೇಳಿದ ಕೂಡಲೆ ಹೂ ಕೊಟ್ಟು ನಮ್ಮತ್ತಿ ಹಚ್ಚಿದ ಎಣ್ಣಿ ತೊಳಸ್ಕೊಂಡಿ, ಈಗ ಹೊಂಟೂ ನಿಂತಿ ಅಂತ ಬೈದೇನಿ. ಲಗ್ನ ಆಗಿ ಬಂದ ದಿನದಿಂದ ಮಂಗಳವಾರ ತಪ್ಪಿಸಿದಾಕಿ ಅಲ್ಲ ನಾನು. ಬಾಣಂತಿ ಇದ್ದಾಗೂ ಗೂಳಪ್ಪನ ಕೈಲೆ ಹಚ್ಚಿಸೇನಿ. ಸಿಟ್ಟಿಗೆ ಎಣ್ಣಿ ಬಿಟ್ಟೆ. ಪಾಪಿ, ಹೋಗು, ಅಲ್ಲೆ ಯಾರು ಹಚ್ತಾರ ನೋಡ್ತೇನಿ ಅಂತ ಅಂದೆ. ಆಕಿ ಬ್ಯಾಡ ಅಂತಿದ್ಲು... ನಾ ಬೈದೆ.’

ಕಲ್ಲು ಹೋಗುತ್ತದಲ್ಲ ಅಂತ ನಾನು ಕೊರಗುತ್ತಿದ್ದೆ. ಅವರಿಬ್ಬರ ನಡುವೆ ಏನು ಮುರಿದಿದ್ದೇನೆ ಅಂತ ಗೊತ್ತೇ ಇರಲಿಲ್ಲ.

‘ಈಗರ ಬರದು ಕೊಡ್ರಿ,’ ಅಂದೆ. ‘ಅವ್ವಗ ಮನಸಿಲ್ಲ ಅಂತ. ನಾ ಮುಟ್ಟಸ್ತೇನಿ.’

‘ಆಕಿ ಮಾತು ನಾ ಹೆಂಗ ಬರದು ಕೊಡ್ಲಿ? ಒಮ್ಮೆ ನೀ ಆಕಿ ಬಾಯಾಗ ಮಾತ ಇಟ್ಟಿ. ಈಗ ನಾನೂ ಇಡ್ಲೇನು?’ ಎದ್ದಳು. ‘ಒಯ್ಯಾಕ ಬರ್ಲಿ. ಅವರ ಮುಂದನ ಕೇಳೂಣು. ಹೋಗ್ತೀಯೋ ಇರ್ತೀಯೋ ಅಂತ. ಬಲಕ್ಕ ಬಿದ್ರ ಹೋಗ್ಲಿ. ಎಡಕ್ಕ ಬಿದ್ರ ಇರ್ಲಿ. ನೀನೂ ಬಾ. ಬಂದು ಬಾಯಿ ಮುಚ್ಕೊಂಡು ಕುಂಡ್ರು.’

ಒಳಗಿಂದ ಎಣ್ಣೆ ಬಟ್ಟಲು ತಂದಳು. ಸುಲಿದ ಕಪ್ಪು ಚೂರುಗಳನ್ನು ಒಂದು ಮಡಕೆಯಲ್ಲಿ ಇಟ್ಟಿದ್ದಳು. ಅದನ್ನೂ ತಂದಳು. ಹೊಲದತನಕ ಹಿಂದೆ ಹಿಂದೆ ಹೋದೆ. ಸೆರಗಿನಿಂದ ಜೇಡರ ಬಲೆ ತೆಗೆದು, ಚೂರುಗಳನ್ನು ಎಣ್ಣೆಯಲ್ಲಿ ತಿಕ್ಕಿ ಕರಗಿಸಿ, ಹಣೆ, ಮೀಸೆ, ಭುಜ, ಕತ್ತಿ, ಕೆಳಗಿನ ಅಕ್ಷರ, ಎಲ್ಲಕ್ಕೂ ಹಚ್ಚಿದಳು. ಮೆಲ್ಲಗೆ ಏನೋ ಹೇಳುತ್ತಿದ್ದಳು. ನನಗೆ ಕೇಳಿಸಬಾರದ್ದು.

ಬಟ್ಟಲು ಹಿಡಿಯಲು ಕೈ ಚಾಚಿದೆ.

‘ನೀ ಮುಟ್ಟಬ್ಯಾಡ.’


೩ ಫೆಬ್ರವರಿ, ಮಂಗಳವಾರ. ಕಾಶೆವ್ವನ ಹೊಲ. ಹತ್ತೂವರೆ.

ಬಾಯಿ ಮುಚ್ಚಿಕೊಂಡು ಕುಳಿತಿದ್ದೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕಲ್ಲಿನಿಂದ ದೂರ, ಒಂದು ಪಕ್ಕಕ್ಕೆ, ಗಾಳಿ ನನ್ನಿಂದ ಅತ್ತ ಬೀಸದ ಕಡೆ. ಟವೆಲ್ಲನ್ನು ಮೂಗಿನ ಮೇಲಿಂದ ಸುತ್ತಿಕೊಂಡಿದ್ದೇನೆ. ಗೂಳಪ್ಪ ‘ಹಲ್ಲು ನೋವೇನ್ರಿ ಮಾಸ್ತರ’ ಅಂದ. ತಲೆ ಆಡಿಸಿದೆ.

ಬರುವಾಗ ಟೆಂಪೋದಲ್ಲಿ ಸಾಹೇಬರಿಗೆ ಹೇಳಿದೆ. ಪೂಜೆ ಇಲ್ಲ ಅನ್ನುವುದು ನನ್ನ ಸುಳ್ಳು, ಕಲ್ಲು ಅನಾಥ ಅಲ್ಲ ಅಂತ. ಅವರು ಬಹಳ ಹೊತ್ತು ಕಿಟಕಿಯಿಂದ ಹೊರಗೆ ನೋಡಿದರು. ‘ಈಗ ಹೇಳ್ತೀರೇನ್ರಿ? ಆರ್ಡರ್ ಕೈಯಾಗ ಐತಿ. ಬ್ಯಾಡ ಅನ್ನೂದು ಅವರ ಬಾಯಿಂದ ಬರಬೇಕು, ನಿಮ್ಮ ಬಾಯಿಂದ ಅಲ್ಲ.’ ನನ್ನ ಕೆಲಸದ ಮಾತು ಆಮೇಲೆ ಆಡೋಣ ಅಂದರು.

ಕಾಶೆವ್ವ ಕರೆವ್ವನಿಗೆ ಹೊಸ ಸೀರೆ ಉಡಿಸಿದ್ದಾಳೆ. ಹಸಿರು ಬಳೆ ದಾರದಲ್ಲಿ ಪೋಣಿಸಿ ಕೈಯ ಕತ್ತಿಯ ಮೇಲೆ ಇಳಿಬಿಟ್ಟಿದ್ದಾಳೆ. ಹೋದರೂ ಆಯಿತು, ಇದ್ದರೂ ಆಯಿತು, ಉಟ್ಟುಕೊಂಡೇ ಇರಲಿ ಅಂದಳು. ಎರಡು ಎಸಳು ಅದ್ದಿ ಅಂಟಿಸಿದಳು. ಹೋಗ್ತೀಯೋ ಇರ್ತೀಯೋ ಅಂತ ಗಟ್ಟಿಯಾಗಿ, ಎಲ್ಲರಿಗೂ ಕೇಳುವಂತೆ ಕೇಳಿದಳು. ಕಲ್ಲಿನ ಮಗ್ಗುಲಿಗೇ ಕುಳಿತಳು, ನೀರಿನ ಚರಗಿ ಇಟ್ಟುಕೊಂಡು.


ಹನ್ನೆರಡು.

ಯಾವುದೂ ಬಿದ್ದಿಲ್ಲ. ಕಲ್ಲು ಎತ್ತಲು ಮುಂಡಗೋಡದಿಂದ ಬಂದ ಹಮಾಲರು ಹಗ್ಗ ಹಾಸಿಕೊಂಡು ಅದರ ಮೇಲೇ ಮಲಗಿದ್ದಾರೆ. ಬರೀ ಮೂರು ಆಳು ಎತ್ತುವ ಕಲ್ಲು, ಏಳ್ರಿ ಅಂದರು ಸಾಹೇಬರು. ಹಮಾಲರಲ್ಲಿ ಹಿರಿಯ ಕೈ ಮುಗಿದ. ‘ಹೂ ಬೀಳದ ನಾವು ಮುಟ್ಟೂದಿಲ್ರಿ ಸಾಹೇಬ್ರ. ನಮಗೂ ಮಕ್ಕಳು ಮರಿ ಅದಾವ.’


ಎರಡೂ ಕಾಲು.

ಸಾಹೇಬರು ನನ್ನ ಹತ್ತಿರ ಬಂದು ಕುಕ್ಕರಗಾಲಲ್ಲಿ ಕುಳಿತರು. ‘ಹೋದ ಸಲ ನೀವು ಹಾಡಿದ ಕೂಡಲೆ ಬಿತ್ತಂತಲ್ಲ. ಒಂದ ಪದಾ ಹಾಡಿಬಿಡ್ರಿ ಮಾಸ್ತರ. ಎಡಕ್ಕರ ಬೀಳ್ಲಿ, ಬಲಕ್ಕರ ಬೀಳ್ಲಿ. ನಾ ಮನಿಗೆ ಹೋಗ್ಬೇಕು.’

ಎಲ್ಲರೂ ನನ್ನ ಕಡೆ ತಿರುಗಿದರು. ಹಮಾಲರು ಎದ್ದು ಕುಳಿತರು. ‘ಹಾಡ್ರಿ ಮಾಸ್ತರ,’ ಅಂದ ಗೂಳಪ್ಪ.

ಜನ ಹಾಡು ಅಂದಾಗ ಕೂತಲ್ಲೇ ಕೂತದ್ದು ಹುಟ್ಟಿದಮೇಲೆ ಇದೇ ಮೊದಲು. ಪೂರ್ತಿ ಕೂರಲೂ ಇಲ್ಲ — ಒಂದು ಮೊಣಕಾಲು ತಾನಾಗಿ ಎದ್ದಿತು. ಎಡಕ್ಕೆ ನಿಂತರೆ ಸಾಕು. ಒಂದೇ ‘ಹಾ’. ಕಲ್ಲು ಉಳಿಯುತ್ತದೆ, ಟೆಂಪೋ ಖಾಲಿ ಹೋಗುತ್ತದೆ, ಊರವರು ಬೇಡ ಅಂದರು ಅಂತ ಲೀನಾ ಟೈಪ್ ಮಾಡುತ್ತಾಳೆ. ಕೆಡಿಸಿದ ಬಾಯಿಯಿಂದಲೇ ಸರಿಮಾಡಬಹುದು. ಎಷ್ಟು ಹಗುರ...

ಕಾಶೆವ್ವ ನೋಡುತ್ತಿದ್ದಳು.

‘ಕುಂಡ್ರು,’ ಅಂದಳು.

ಕುಳಿತೆ.


ಮೂರೂವರೆ.

ಈಗ ಕಂಡಿದ್ದನ್ನು ಬರೆಯಬೇಕೋ ಬೇಡವೋ. ಯಾರೂ ಓದುವುದಿಲ್ಲ. ಬರೆಯುತ್ತೇನೆ.

ಈ ಬಿಸಿಲಿಗೆ ಎಸಳು ಯಾವಾಗಲೋ ಒಣಗಿ ಉದುರಬೇಕಿತ್ತು. ಯಾಕೆ ಉದುರಿಲ್ಲ ಅಂತ ಉಳಿದವರಿಗೆ ಆಶ್ಚರ್ಯ. ಅವರು ಎದುರಿನಿಂದ ನೋಡುತ್ತಿದ್ದಾರೆ. ನಾನು ಕುಳಿತದ್ದು ಪಕ್ಕಕ್ಕೆ. ಸೈಡ್ ವಿಂಗಿನಲ್ಲಿ ನಿಂತವನಿಗೆ ಕಾಣುವಂಥದ್ದು ನನಗೆ ಕಾಣುತ್ತಿದೆ. ಕಾಶೆವ್ವ ಆಗೀಗ ಚರಗಿಯಲ್ಲಿ ಕೈ ಅದ್ದುತ್ತಾಳೆ. ಇರುವೆ ಬಂತು ಅನ್ನುತ್ತಾಳೆ, ಸೀರೆಯ ನೆರಿಗೆ ಸರಿಮಾಡುತ್ತಾಳೆ, ಬಿಸಲಾಗ ನಿಂತಾಳ ಪಾಪ ಅನ್ನುತ್ತಾಳೆ. ಕೈ ಹಿಂದಕ್ಕೆ ಬರುವಾಗ ಎರಡೂ ಎಸಳು ಹೊಳೆಯುತ್ತಿರುತ್ತವೆ.

ಎಡಗಡೆಯದನ್ನು ಬೀಳಿಸಬಹುದಿತ್ತು. ಬೆರಳು ಅಲ್ಲೇ ಇದೆ. ಬೀಳಿಸುತ್ತಿಲ್ಲ. ಒಂದಕ್ಕೆ ಎಷ್ಟು ಹನಿಯೋ ಇನ್ನೊಂದಕ್ಕೂ ಅಷ್ಟೇ.

‘ಅವಸರ ಮಾಡಬ್ಯಾಡ್ರಿ ಸಾಹೇಬ್ರ,’ ಅಂದಳು ಈಗಷ್ಟೆ. ‘ಆಕಿ ಇಲ್ಲೇ ಹುಟ್ಟಿ ಬೆಳದಾಕಿ. ಹೋಗೂದೋ ಇರೂದೋ, ವಿಚಾರ ಮಾಡಾಕ ಹೊತ್ತ ಬೇಕಲ್ಲ. ಇವತ್ತ ಆಗದಿದ್ರ ನಾಳಿ ಬರ್ರಿ.’

ಸಾಹೇಬರು ಡ್ರೈವರ್ ಕಡೆ ನೋಡಿದರು. ಡ್ರೈವರ್ ಸೂರ್ಯನ ಕಡೆ ನೋಡಿದ. ಕತ್ತಲಾದ ಮೇಲೆ ಕಲ್ಲು ಹೇರಿಕೊಂಡು ಆ ರೋಡಿನಲ್ಲಿ ಬರುವುದಿಲ್ಲ ಅಂತ ಅವನು ಬೆಳಿಗ್ಗೆಯೇ ಹೇಳಿದ್ದಾನೆ.


ನಾಲ್ಕೂವರೆ.

ಚರಗಿ ಖಾಲಿ. ಅದ್ದಿದ ಬೆರಳು ಒದ್ದೆಯಾಗದೆ ಬಂತು. ಅವಳೂ ನೋಡಿದಳು, ನಾನೂ ನೋಡಿದೆ. ಇನ್ನು ಯಾರೂ ನೋಡಲಿಲ್ಲ.

‘ಮಾಸ್ತರ,’ ಅಂದಳು, ‘ಬಾಯಿ ಮುಚ್ಕೊಂಡು ಕುಂಡ್ರು ಅಂದ್ರ ಕೈನೂ ಕಟ್ಕೊಂಡು ಕುಂತೀಯಲ್ಲ. ಬಾಯಾರಿಕಿ ಆಗೇತಿ. ಬಾವಿಗೆ ಹೋಗಿ ಚರಗಿ ತುಂಬ್ಕೊಂಡ ಬಾ.’

ಏಳುತ್ತಿದ್ದೇನೆ. ಬಲಗಡೆಯದರ ತುದಿ ಒಣಗಿ ಮೇಲೆದ್ದಿದೆ. ಚರಗಿ ಇಸಿದುಕೊಳ್ಳಲು ಅದರ ಮುಂದಿನಿಂದಲೇ ದಾಟಬೇಕು. ಉಸಿರು ಬಿಗಿಹಿಡಿದು, ಮೆಲ್ಲಗೆ ದಾಟುತ್ತೇನೆ. ಚರಗಿ ತುಂಬಿ ತಂದರೆ ಕತ್ತಲಾಗುವತನಕ ಎಸಳು ಒಣಗುವುದಿಲ್ಲ.